ಗುರಿ ಅಭ್ಯಾಸಕ್ಕೆ ಮೊದಲ ಪಿಸ್ತೂಲು: ಯಾವುದನ್ನು ಕೊಳ್ಳಲಿ?

ಪ್ರಶ್ನೆ (ಬೆಂಗಳೂರಿನ ವಿಜಯನಗರದಿಂದ)

ನಮಸ್ಕಾರ. ನನಗೆ 34 ವರ್ಷ. ಐದು ತಿಂಗಳಿಂದ ಮನೆಯ ಹತ್ತಿರದ ಶೂಟಿಂಗ್ ರೇಂಜಿನಲ್ಲಿ, ಅಲ್ಲಿಯದೇ ಏರ್ ಪಿಸ್ತೂಲಿನಿಂದ (ಗಾಳಿಯ ಒತ್ತಡದಿಂದ ಹಾರಿಸುವಂಥದ್ದು) 10 ಮೀಟರ್ ಅಭ್ಯಾಸ ಮಾಡುತ್ತಿದ್ದೇನೆ. ಈಗ ಸ್ವಂತದ್ದೊಂದು ಬೇಕೆನಿಸಿದೆ. ಒಬ್ಬರು ನೇರವಾಗಿ ಮದ್ದಿನಿಂದ ಗುಂಡು ಹಾರಿಸುವ .22 ಪಿಸ್ತೂಲನ್ನೇ ಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ಸ್ಟೇಯರ್, ಮೊರಿನಿ, ವಾಲ್ಥರ್ ಎಂದು ಕಂಪನಿಗಳ ಹೆಸರುಗಳನ್ನು ಹೇಳುತ್ತಾರೆ. ಪರವಾನಗಿ ಬೇಕೇ, ಬಳಸಿದ ಪಿಸ್ತೂಲನ್ನು ಕೊಳ್ಳಬಹುದೇ, ಏನನ್ನು ನೋಡಿ ಆರಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1

.22 ಪಿಸ್ತೂಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕೇ ಬೇಕು. ಬೆಂಗಳೂರಿನಲ್ಲಿ ಅದಕ್ಕೆ ಪೊಲೀಸ್ ಆಯುಕ್ತರಿಗೆ ಅರ್ಜಿ ಸಲ್ಲಿಸಬೇಕು. ಏರ್ ಪಿಸ್ತೂಲಿನ ವಿಷಯ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ, ನಳಿಗೆಯ ಒಳವ್ಯಾಸ 4.5 ಮಿ.ಮೀ. ಮತ್ತು ಗುಂಡಿನ ಶಕ್ತಿ 20 ಜೂಲ್ ಮೀರದಿದ್ದರೆ ಪರವಾನಗಿ ಬೇಡ. ಸ್ಪರ್ಧೆಯ ಏರ್ ಪಿಸ್ತೂಲಿನಿಂದ ಅರ್ಧ ಗ್ರಾಂ ತೂಕದ ಪೆಲೆಟ್ (ಪುಟ್ಟ ಗುಂಡು) ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಆರು ಜೂಲ್ ಕೂಡ ಆಗುವುದಿಲ್ಲ. ಆದರೂ ರೇಂಜಿಗೆ ಒಯ್ಯುವಾಗ ಪೆಟ್ಟಿಗೆಗೆ ಬೀಗ ಹಾಕಿ, ಬಿಲ್ಲಿನ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ಏರ್ ಪಿಸ್ತೂಲನ್ನು ಕೇವಲ ಕಲಿಕೆಯ ಮೆಟ್ಟಿಲೆಂದು ತಿಳಿಯಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಇದರಲ್ಲಿಯೇ.

ಉತ್ತರ 2

ಕಂಪನಿಯ ಹೆಸರನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ದರ್ಜೆಯ ಪಿಸ್ತೂಲುಗಳೆಲ್ಲವೂ ಗುರಿಹಲಗೆಯ ನಡುವಿನ, ಹತ್ತು ಅಂಕ ಕೊಡುವ 11.5 ಮಿ.ಮೀ. ವ್ಯಾಸದ ವೃತ್ತದೊಳಗೆ ಗುಂಡುಗಳನ್ನು ಕೂಡಿಸಬಲ್ಲವು. ತಪ್ಪುವುದು ನಮ್ಮ ಕೈ. ಆದ್ದರಿಂದ ಮೊದಲು ಗ್ರಿಪ್, ಅಂದರೆ ಹಿಡಿಯನ್ನು ನೋಡಿ. ಖಾಲಿ ಪಿಸ್ತೂಲನ್ನು ಕಣ್ಣು ಮುಚ್ಚಿ ಗುರಿಯ ಕಡೆಗೆ ಎತ್ತಿ ಹಿಡಿದು, ಕಣ್ಣು ತೆರೆದಾಗ ಮುಂದಿನ ಸೈಟ್ (ಗುರಿ ಹಿಡಿಯಲು ನೋಡುವ ಭಾಗ) ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿಯೇ ನಿಂತಿದ್ದರೆ ಆ ಗ್ರಿಪ್ ನಿಮಗೆ ಒಪ್ಪುತ್ತದೆ. ಪ್ರತಿ ಸಲವೂ ಮಣಿಕಟ್ಟು ತಿರುಗಿಸಿ ಸರಿಪಡಿಸಬೇಕಾದರೆ, 60 ಗುಂಡುಗಳ ಸ್ಪರ್ಧೆ ಮುಗಿಯುವ ಮೊದಲೇ ಕೈ ಸೋಲುತ್ತದೆ. ಮರದ ಗ್ರಿಪ್ ಅಲ್ಪಸ್ವಲ್ಪ ದೊಡ್ಡದಿದ್ದರೆ ಅರದಿಂದ ಉಜ್ಜಿ ಹೊಂದಿಸಬಹುದು. ಅಳತೆಯೇ ತಪ್ಪಾಗಿದ್ದರೆ ಕೊಳ್ಳಬೇಡಿ. ಟ್ರಿಗರಿನ ಭಾರ 500 ಗ್ರಾಮಿಗಿಂತ ಕಡಿಮೆ ಇರಬಾರದೆಂಬುದು ಸ್ಪರ್ಧೆಯ ನಿಯಮ.

ಉತ್ತರ 3

ಬಳಸಿದ ಏರ್ ಪಿಸ್ತೂಲನ್ನು ಕೊಳ್ಳುವುದಾದರೆ ಸಿಲಿಂಡರಿನ ಮೇಲೆ ಕೆತ್ತಿರುವ ದಿನಾಂಕವನ್ನು ಓದದೆ ಹಣ ಕೊಡಬೇಡಿ. ಅದು 200 ಬಾರ್ ಒತ್ತಡದ ಗಾಳಿಯನ್ನು ಹಿಡಿದಿಡುವ ಕೊಳವೆ. ತಯಾರಕರು ಸಾಮಾನ್ಯವಾಗಿ ಅದಕ್ಕೆ ಹತ್ತು ವರ್ಷದ ಅವಧಿ ಕೊಡುತ್ತಾರೆ. ನಾನು ಪಿಸ್ತೂಲಿನ ಹೊಳಪು ನೋಡಿ ಒಬ್ಬರಿಂದ ಕೊಂಡೆ. ಮನೆಗೆ ಬಂದು ನೋಡಿದರೆ ಸಿಲಿಂಡರಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ಹೊಸದು ವಿದೇಶದಿಂದ ಬರುವವರೆಗೆ ನಾಲ್ಕು ತಿಂಗಳು ಅಭ್ಯಾಸವೇ ನಿಂತುಹೋಯಿತು. ಸಾಧ್ಯವಾದರೆ ಸಂಜೆ ಗಾಳಿ ತುಂಬಿಸಿ, ಒತ್ತಡ ತೋರಿಸುವ ಮುಳ್ಳು ಎಲ್ಲಿದೆಯೆಂದು ಬರೆದಿಟ್ಟುಕೊಂಡು, ಮರುದಿನ ಬೆಳಿಗ್ಗೆ ಮತ್ತೆ ನೋಡಿ. ಹೆಚ್ಚು ಇಳಿದಿದ್ದರೆ ಸೀಲು ಸೋರುತ್ತಿರಬಹುದು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಾನು ಬಲಗೈಯವನು, ಆದರೆ ಎಡಗಣ್ಣಿನಲ್ಲಿ ಗುರಿ ಹಿಡಿಯುತ್ತೇನೆ. ಎಡಗೈ ಗ್ರಿಪ್ ಕೊಳ್ಳಬೇಕೇ?

ಉತ್ತರ 2

ಬೇಡ. ಬಲಗೈ ಗ್ರಿಪ್ಪನ್ನೇ ಕೊಳ್ಳಿ. ರೈಫಲ್ಲಿನಂತೆ ಇಲ್ಲಿ ಕೆನ್ನೆಯನ್ನು ಆನಿಸುವ ಅಗತ್ಯವಿಲ್ಲದ ಕಾರಣ, ತಲೆಯನ್ನು ತುಸು ತಿರುಗಿಸಿದರೆ ಎಡಗಣ್ಣು ಸೈಟಿಗೆ ನೇರವಾಗುತ್ತದೆ. ನಿಲ್ಲುವ ಕೋನವನ್ನು ಮಾತ್ರ ನಿಮ್ಮ ಕೋಚ್ ಎದುರಿಗೇ ಹೊಂದಿಸಿಕೊಳ್ಳಿ.