ಸಹಾಯ ಬೇಕು: ಮಗನ ತೂಕದ ವಿಷಯ ಅತ್ತೆಗೆ ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ. ನಾವು ಕೋಲಾರದವರು, ಕೂಡು ಕುಟುಂಬ. ಮಗನಿಗೆ 9 ವರ್ಷ, ತೂಕ 47 ಕೆಜಿ. ಕುತ್ತಿಗೆ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದೆ. ಕೊಳೆಯಲ್ಲ, ಉಜ್ಜಿದರೂ ಹೋಗಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹೀಗಾಗುತ್ತೆ, ಮುಂದೆ ಶುಗರ್, ಬಿಪಿ, ಲಿವರ್‌ನಲ್ಲಿ ಕೊಬ್ಬು ಬರಬಹುದು ಎಂದರು ಮಕ್ಕಳ ಡಾಕ್ಟರ್. ಉಪವಾಸ ಹಾಕಬೇಡಿ, ದಿನಾ 60 ನಿಮಿಷ ಓಡಾಡಿ ಆಡಲಿ, ಮನೆಯವರೆಲ್ಲ ಊಟ ಬದಲಿಸಿ ಎಂದೂ ಹೇಳಿದರು.

ಬೇಕರಿ ಪಫ್ಸ್ ನಿಲ್ಲಿಸಿದ್ದೇವೆ. ಸಂಜೆ ಅವರಪ್ಪ ಆಟಕ್ಕೆ ಕರೆದುಕೊಂಡು ಹೋಗುತ್ತಾರೆ. ಆದರೆ ಅತ್ತೆ, ‘ಬೆಳೆಯೋ ಮಗು, ತಿನ್ನೋದಕ್ಕೆ ದೃಷ್ಟಿ ಹಾಕಬೇಡ’ ಅನ್ನುತ್ತಾರೆ. ಮುದ್ದೆ ಆದಮೇಲೆ ತುಪ್ಪ ಸುರಿದ ಅನ್ನ, ಅದೂ ಟಿವಿ ಮುಂದೆ ಕೈತುತ್ತು. ಅವನು ಸಾಕು ಅಂತ ತಲೆ ಅಲ್ಲಾಡಿಸಿದರೂ ಇನ್ನೊಂದು ತುತ್ತು ಬಾಯಿಗೆ ಬಂದೇ ಬರುತ್ತೆ. ಅದು ಪ್ರೀತಿನೇ, ನನಗೂ ಗೊತ್ತು. ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಅವರು. ಅವನೊಬ್ಬನಿಗೆ ಬೇರೆ ಅಡುಗೆ ಮಾಡಿದರೆ ತಂಗಿ ತಟ್ಟೆ ನೋಡಿ ಅಳುತ್ತಾನೆ.

ನಿಮ್ಮ ಮನೆಯಲ್ಲೂ ಹೀಗಿದ್ದು ಸರಿಹೋಗಿದ್ದರೆ ದಯವಿಟ್ಟು ಹೇಳಿ. ಅಜ್ಜಿಯನ್ನು ಹೇಗೆ ಒಪ್ಪಿಸಿದಿರಿ? ಅತ್ತೆಯನ್ನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋದು ಒಳ್ಳೆಯದಾ, ಇಲ್ಲ ಮನಸ್ಸಿಗೆ ನೋವು ಮಾಡಿಕೊಳ್ಳುತ್ತಾರಾ?