ಸ್ಟಿಕರ್ ಚಾರ್ಟ್ ಮೂರೇ ದಿನಕ್ಕೆ ಸೋತಿತು, ಇನ್ನೇನು ಮಾಡಲಿ?

ಎರಡನೇ_ಪೀರಿಯಡ್ ಕೇಳಿದ್ದು:

ನಾನು ಎರಡನೇ ತರಗತಿಯ ಟೀಚರ್. ಒಂದು ದಿನದ ಕಾರ್ಯಾಗಾರ ಬಿಟ್ಟರೆ ವಿಶೇಷ ಶಿಕ್ಷಣದ ತರಬೇತಿ ಆಗಿಲ್ಲ. ಈ ವರ್ಷ ನನ್ನ ತರಗತಿಗೆ ಆಟಿಸಂ ಇರುವ ಏಳು ವರ್ಷದ ಹುಡುಗ ಬಂದಿದ್ದಾನೆ. ಮಾತು ಕಮ್ಮಿ. ಎರಡು ಮೂರು ಪದ ಜೋಡಿಸುತ್ತಾನೆ, ಅದೂ ಮನಸ್ಸಿದ್ದರೆ. ಓದಿನಲ್ಲಿ ಮಾತ್ರ ಬಲು ಚುರುಕು, ಗೋಡೆ ಮೇಲಿರುವುದನ್ನೆಲ್ಲ ಓದಿ ಮುಗಿಸಿದ್ದಾನೆ.

ತೊಂದರೆ ಏನೆಂದರೆ, ಪೆನ್ಸಿಲ್ ಎಸೆಯುತ್ತಾನೆ, ಹಾಳೆ ಹರಿಯುತ್ತಾನೆ, ಕೆಲವೊಮ್ಮೆ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಾನೆ. ಸ್ಟಿಕರ್ ಚಾರ್ಟ್ ಮಾಡಿದೆ. ಗಲಾಟೆ ಇಲ್ಲದ ಪೀರಿಯಡ್‌ಗೆ ಒಂದು ರೈಲಿನ ಸ್ಟಿಕರ್, ಐದು ಕೂಡಿದರೆ ಹತ್ತು ನಿಮಿಷ ರೈಲಿನ ಪುಸ್ತಕ. ಮೂರು ದಿನ ಚೆನ್ನಾಗಿಯೇ ನಡೆಯಿತು. ನಾಲ್ಕನೇ ದಿನ ಚಾರ್ಟನ್ನೇ ಹರಿದ. ಆಮೇಲೆ ಎಸೆದಾಗಲೆಲ್ಲ ಹಿಂದಿನ ಕುರ್ಚಿಯಲ್ಲಿ ಐದು ನಿಮಿಷ ಕೂರಿಸತೊಡಗಿದೆ. ದಿನಕ್ಕೆ ಎರಡು ಸಲ ಎಸೆಯುತ್ತಿದ್ದವನು ಆರು ಸಲ ಎಸೆಯತೊಡಗಿದ! ಆದರೆ ಆ ಕುರ್ಚಿಯಲ್ಲಿ ಕೂತಾಗ ಅವನಷ್ಟು ಶಾಂತವಾಗಿ ಇಡೀ ತರಗತಿಯಲ್ಲಿ ಯಾರೂ ಇರುವುದಿಲ್ಲ.

ಬಹುಮಾನವೂ ಆಯಿತು, ಶಿಕ್ಷೆಯೂ ಆಯಿತು. ವರ್ತನಾ ವಿಜ್ಞಾನ ಅಂದರೆ ಇಷ್ಟೇನಾ?

ಸೀಮೆಸುಣ್ಣ:

ಮೇಡಂ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಕುರ್ಚಿಯಲ್ಲಿ ಶಾಂತವಾಗಿರುತ್ತಾನೆ ಅಂದಿರಲ್ಲ, ಅಲ್ಲಿ ಕೂತಾಗ ಬರೆಯುವ ಹಾಗಿಲ್ಲ ತಾನೇ? ನೀವು ಶಿಕ್ಷೆ ಅಂದುಕೊಂಡಿದ್ದು ಅವನಿಗೆ ಬಿಡುವು. ಪೆನ್ಸಿಲ್ ಎಸೆದರೆ ಬರವಣಿಗೆ ತಪ್ಪುತ್ತದೆ ಎಂದು ನೀವೇ ಕಲಿಸಿಕೊಟ್ಟಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಹದಿನೇಳು ವರ್ಷದಿಂದ ಇದೇ ಕೆಲಸದಲ್ಲಿರುವ ನಾನೂ ಇದನ್ನೇ ಮಾಡಿದ್ದೇನೆ.

ಎಸೆಯುವುದು, ಕಚ್ಚುವುದು ಕಣ್ಣಿಗೆ ಕಾಣುವ ರೂಪ ಮಾತ್ರ. ಅದರಿಂದ ಅವನಿಗೆ ಏನು ಸಿಗುತ್ತಿದೆ ಅನ್ನುವುದು ಬೇರೆ. ಸಾಮಾನ್ಯವಾಗಿ ನಾಲ್ಕು ಕಡೆ ನೋಡುತ್ತೇವೆ: ಯಾರಾದರೂ ಗಮನ ಕೊಡುತ್ತಾರೆ, ಬೇಕಾದ ವಸ್ತು ಸಿಗುತ್ತದೆ, ಬೇಡದ ಕೆಲಸ ತಪ್ಪುತ್ತದೆ, ಇಲ್ಲವೇ ಆ ಕ್ರಿಯೆಯೇ ಮೈಗೆ ಹಿತ ಕೊಡುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ: ಮುಂಚೆ ಏನಾಯಿತು, ಅವನೇನು ಮಾಡಿದ, ಆಮೇಲೆ ಏನಾಯಿತು. ‘ಹಟ ಮಾಡಿದ’ ಅಂತ ಬರೆಯಬೇಡಿ. ‘ಬೋರ್ಡ್ ನೋಡಿ ಬರೆ ಅಂದೆ, ಪೆನ್ಸಿಲ್ ಎಸೆದ, ಕುರ್ಚಿಗೆ ಕಳಿಸಿದೆ’ ಎಂದು ಬರೆಯಿರಿ. ಒಂದು ವಾರ ಸಾಕು.

ಅದಕ್ಕೂ ಮುಂಚೆ ಒಂದು ಮಾತು. ಕಚ್ಚಿಕೊಳ್ಳುವುದು ಇತ್ತೀಚೆಗೆ ಶುರುವಾಗಿದ್ದರೆ ಮನೆಯವರಿಗೆ ಹೇಳಿ ಡಾಕ್ಟರಿಗೆ ತೋರಿಸಿ. ನನ್ನ ಬಳಿ ಒಬ್ಬ ಹುಡುಗಿ ಕಿವಿಗೆ ಗುದ್ದಿಕೊಳ್ಳುತ್ತಿದ್ದಳು. ಗಮನ ಸೆಳೆಯಲು ಎಂದು ತೀರ್ಮಾನಿಸಿ ಮೂರು ವಾರ ಮುಖ ತಿರುಗಿಸಿಕೊಂಡು ಕೂತೆ. ಅವಳ ಕಿವಿಯಲ್ಲಿ ಕೀವಾಗಿತ್ತು. ಆ ಮೂರು ವಾರದ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ, ಎಸೆಯಲು ಮನಸ್ಸಾಗಿಲ್ಲ.

ನಿಮ್ಮ ಹುಡುಗನದು ಕೆಲಸ ತಪ್ಪಿಸಿಕೊಳ್ಳುವುದೇ ಅಂತ ನೋಟ್‌ಬುಕ್ ಹೇಳಿದರೆ, ಅದಕ್ಕೆ ಒಂದು ಮಾತು ಕಲಿಸಿ. ಕಾರ್ ಮತ್ತು ಡ್ಯುರಾಂಡ್ ಎಂಬ ಇಬ್ಬರು ಸಂಶೋಧಕರು 1985ರಲ್ಲಿ ನಾಲ್ಕು ಮಕ್ಕಳ ಜೊತೆ ಇದನ್ನೇ ತೋರಿಸಿದರು. ಪಾಠ ಕಷ್ಟವಾಗಿ ಗಲಾಟೆ ಮಾಡುವ ಮಗುವಿಗೆ ‘ನನಗೆ ಅರ್ಥವಾಗಲಿಲ್ಲ’ ಅನ್ನುವುದನ್ನು ಕಲಿಸಿದಾಗ ಗಲಾಟೆ ಇಳಿಯಿತು. ಅದೇ ಮಗುವಿಗೆ ಹೊಗಳಿಕೆ ಕೇಳುವ ಮಾತು ಕಲಿಸಿದರೆ ಇಳಿಯಲಿಲ್ಲ. ನಿಮ್ಮ ರೈಲಿನ ಸ್ಟಿಕರ್ ಸೋತಿದ್ದೂ ಹೀಗೆಯೇ. ಅವನು ಕೇಳುತ್ತಿದ್ದದ್ದು ಬಿಡುವು, ನೀವು ಕೊಟ್ಟಿದ್ದು ರೈಲು.

ಅವನು ಓದುತ್ತಾನಲ್ಲ, ‘ಬಿಡುವು ಬೇಕು’ ಎಂದು ಬರೆದ ಕಾರ್ಡ್ ಮೇಜಿನ ಮೇಲಿಡಿ. ಎಸೆಯುವ ಮುಂಚೆ ಅವನ ಮುಖದಲ್ಲೋ ಭುಜದಲ್ಲೋ ಏನೋ ಕಾಣುತ್ತದೆ, ನಿಮಗೆ ಗೊತ್ತೇ ಇರುತ್ತದೆ. ಆಗಲೇ ಕಾರ್ಡ್ ತೋರಿಸಿ, ಅವನು ಕೊಟ್ಟ ತಕ್ಷಣ ಎರಡು ನಿಮಿಷ ಬಿಡುವು ಕೊಡಿ. ವಾದ ಬೇಡ, ‘ಇದೊಂದು ಸಾಲು ಮುಗಿಸು’ ಅನ್ನುವುದೂ ಬೇಡ. ನೀವು ತೋರಿಸುವುದನ್ನು ದಿನ ಕಳೆದ ಹಾಗೆ ಕಮ್ಮಿ ಮಾಡುತ್ತ ಬನ್ನಿ. ಕಾರ್ಡ್ ಕೊಟ್ಟರೆ ಸಿಗುವುದು ಪೆನ್ಸಿಲ್ ಎಸೆದರೆ ಸಿಗುವುದಕ್ಕಿಂತ ಬೇಗ ಸಿಗಬೇಕು, ಇಲ್ಲದಿದ್ದರೆ ಅವನೇಕೆ ಕಾರ್ಡ್ ಮುಟ್ಟಬೇಕು?

ಕೈಯಾಡಿಸುವವ:

ನಾನೂ ಆಟಿಸಂ ಇರುವವನೇ, ವಯಸ್ಸು ಮೂವತ್ತನಾಲ್ಕು. ಸೀಮೆಸುಣ್ಣ ಅವರ ಮಾತಿಗೆ ತಕರಾರಿಲ್ಲ, ಆದರೆ ಈ ವಿಜ್ಞಾನದ ಹೆಸರು ಕೇಳಿದರೆ ನನಗೆ ಹೊಟ್ಟೆ ಹಿಂಡುತ್ತದೆ. ಲೋವಾಸ್ ಎಂಬ ಮನಶ್ಶಾಸ್ತ್ರಜ್ಞ ಆಟಿಸಂ ಇರುವ ಮಕ್ಕಳ ಬಗ್ಗೆ 1987ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ: ವಾರಕ್ಕೆ 40 ಗಂಟೆ ತರಬೇತಿ, 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೇ ತರಗತಿ ದಾಟಿದರು ಎಂದು. ಅದರಲ್ಲಿ ಗದರುವುದು, ತೊಡೆಗೆ ಹೊಡೆಯುವುದೂ ಇತ್ತು ಅನ್ನುವುದನ್ನು, ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿರಲಿಲ್ಲ ಅನ್ನುವುದನ್ನು ಅಷ್ಟು ಜೋರಾಗಿ ಹೇಳುವುದಿಲ್ಲ.

ನನಗೆ ಹೊಡೆಯಲಿಲ್ಲ. ಕೈಗಳನ್ನು ಗಾಳಿಯಲ್ಲಿ ಆಡಿಸುವುದು ನನ್ನ ಅಭ್ಯಾಸ, ಹಾಗೆ ಕೈಯಾಡಿಸದೆ ಕೂತರೆ ಬಹುಮಾನವಾಗಿ ಚುಕ್ಕಿ ಕೊಡುತ್ತಿದ್ದರು. ಚುಕ್ಕಿಗಳು ತುಂಬ ಬಂದವು. ಕೈ ಸುಮ್ಮನಿರಿಸುವುದಕ್ಕೇ ನನ್ನ ಗಮನವೆಲ್ಲ ಹೋಗಿ ಪಾಠ ತಲೆಗೆ ಹತ್ತಲಿಲ್ಲ. ಅದನ್ನು ಯಾರೂ ಎಣಿಸಲಿಲ್ಲ.

ನಿಮ್ಮ ಹುಡುಗ ಬರವಣಿಗೆಯನ್ನೇ ಯಾಕೆ ತಪ್ಪಿಸಿಕೊಳ್ಳುತ್ತಾನೆ ಅಂತಲೂ ನೋಡಿ. ನನಗೆ ಅಕ್ಷರ ಗೊತ್ತಿತ್ತು, ನನ್ನ ಬೆರಳಿಗೆ ಗೊತ್ತಿರಲಿಲ್ಲ. ನಾಲ್ಕು ಸಾಲಿಗೇ ಹೆಬ್ಬೆರಳು ಸೆಟೆದುಕೊಳ್ಳುತ್ತಿತ್ತು. ಬಿಡುವು ಕೊಟ್ಟು ಮತ್ತೆ ಅದೇ ಹಿಂಸೆಗೆ ಕೂರಿಸಿದರೆ ಕಾರ್ಡ್ ಬರೀ ಬಾಗಿಲು ಕಾಯುವ ಕೆಲಸ ಮಾಡುತ್ತದೆ.

ಸೀಮೆಸುಣ್ಣ:

ಒಪ್ಪಿದೆ. ಬೇಯರ್, ವುಲ್ಫ್, ರಿಸ್ಲಿ ಎಂಬ ಮೂವರು 1968ರಲ್ಲೇ ‘ಅನ್ವಯಿಕ ವರ್ತನಾ ವಿಶ್ಲೇಷಣೆ’ ಎಂಬ ಈ ಶಾಸ್ತ್ರದ ಹೆಸರಲ್ಲಿ ‘ಅನ್ವಯಿಕ’ ಯಾಕೆ ಅಂತ ಬರೆದಿದ್ದರು: ಬದಲಿಸಲು ಹೊರಟ ನಡತೆ ಆ ವ್ಯಕ್ತಿಗೂ ಸಮಾಜಕ್ಕೂ ನಿಜವಾಗಿ ಮುಖ್ಯವಾಗಿರಬೇಕು. ಕೈಯಾಡಿಸುವುದನ್ನು ನಿಲ್ಲಿಸಿದರೆ ಅನುಕೂಲ ಆಗುವುದು ನೋಡುವವರಿಗೆ ಮಾತ್ರ. ಅದು ಗುರಿಯೇ ಅಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಚುಕ್ಕಿಗಳನ್ನು ನಾನೂ ಕೊಟ್ಟಿದ್ದೇನೆ.

ಎರಡನೇ_ಪೀರಿಯಡ್ (ಹನ್ನೆರಡು ದಿನದ ನಂತರ):

ಡಾಕ್ಟರ್ ನೋಡಿದರು, ನೋವೇನೂ ಇಲ್ಲ. ನೋಟ್‌ಬುಕ್‌ನಲ್ಲಿ 17 ಘಟನೆ ಬರೆದೆ. 13 ಬೋರ್ಡ್ ನೋಡಿ ಬರೆಯುವಾಗಿನವು. ಬಾಯಿಲೆಕ್ಕದಲ್ಲಿ ಒಂದೂ ಇಲ್ಲ. ಅಷ್ಟು ದಿನ ‘ಇಡೀ ದಿನ ಗಲಾಟೆ’ ಅಂತ ಅವರ ಅಮ್ಮನಿಗೆ ದೂರು ಹೇಳುತ್ತಿದ್ದೆ, ನಾಚಿಕೆಯಾಯಿತು.

ಕಾರ್ಡ್ ಇಟ್ಟ ಮೊದಲ ದಿನ 14 ಸಲ ಕೊಟ್ಟ! ಹೀಗಾದರೆ ಕಲಿಯುವುದು ಯಾವಾಗ?

ಸೀಮೆಸುಣ್ಣ:

14 ಸಲ ಮಾತಾಡಿದ ಅಂದುಕೊಳ್ಳಿ. ಆ ದಿನ ಎಷ್ಟು ಸಲ ಎಸೆದ? ಇನ್ನೂ ಒಂದು ವಾರ ಎಲ್ಲಕ್ಕೂ ಹೂಂ ಅನ್ನಿ. ಆಮೇಲೆ ಕಾರ್ಡ್ ಕೊಟ್ಟಾಗ ‘ಒಂದು ಪದ ಬರೆದು ಹೋಗು’, ಅದು ಸಲೀಸಾದರೆ ಎರಡು ಪದ. ಅವಸರ ಮಾಡಿದರೆ ಪೆನ್ಸಿಲ್ ಮತ್ತೆ ಹಾರುತ್ತದೆ, ಆಗ ಒಂದು ಹೆಜ್ಜೆ ಹಿಂದೆ ಬನ್ನಿ.

ಎರಡನೇ_ಪೀರಿಯಡ್:

ಒಂದೇ ಸಲ ಎಸೆದ, ಅದೂ ಕಾರ್ಡ್ ಕೆಳಗೆ ಬಿದ್ದು ಕೈಗೆ ಸಿಗದಿದ್ದಾಗ. ಈಗ ಅದನ್ನು ದಾರದಲ್ಲಿ ಮೇಜಿಗೆ ಕಟ್ಟಿದ್ದೇನೆ. ಬರೆಯುವುದಕ್ಕೆ ಬದಲು ಅಕ್ಷರದ ಬಿಲ್ಲೆ ಜೋಡಿಸಲು ಕೊಟ್ಟೆ, ಕೈಯಾಡಿಸುವವರು ಹೇಳಿದ್ದು ನೆನಪಾಗಿ. ನಾನು ಕೊಟ್ಟ ಐದು ಪದ ಮುಗಿಸಿ ತಾನೇ ಆರನೆಯದು ಜೋಡಿಸಿದ: ‘ರೈಲು’. ನಾಳೆ ದಪ್ಪ ಹಿಡಿಯ ಪೆನ್ಸಿಲ್ ಕೊಟ್ಟು ನೋಡುತ್ತೇನೆ. ಸಂಗೀತದ ಟೀಚರಿಗೂ ಕಾರ್ಡಿನ ವಿಷಯ ಹೇಳಬೇಕು, ನಿನ್ನೆ ಅವರ ತರಗತಿಯಲ್ಲಿ ದಾರ ಕಿತ್ತುಕೊಂಡು ಹೋಗಿ ಅವರ ಕೈಗೇ ಕೊಟ್ಟನಂತೆ, ಅವರು ಅದನ್ನು ಓದಿ ನಕ್ಕು ಜೇಬಿಗಿಟ್ಟುಕೊಂಡರಂತೆ.