ಜಪಾನ್ ವಂಶಜರ ವೀಸಾ: ಜಾಮೀನು ಪತ್ರಕ್ಕೆ ಸಹಿ ಹಾಕಲು ಚಿಕ್ಕಪ್ಪ ಒಪ್ಪುತ್ತಿಲ್ಲ

ಕೆರೆಏರಿ, ಬೆಂಗಳೂರು

ನನ್ನ ಹೆಂಡತಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಹುಟ್ಟಿ ಬೆಳೆದವಳು. ಅವಳ ಅಜ್ಜ ಕುಮಾಮೊಟೊದಿಂದ ವಲಸೆ ಹೋದ ಜಪಾನಿ ಪ್ರಜೆ. ಮೂರನೇ ತಲೆಮಾರಿನವಳಾದ್ದರಿಂದ ದೀರ್ಘಾವಧಿ ನಿವಾಸದ ‘ತೇಜೂಶಾ’ ವೀಸಾಕ್ಕೆ ಅರ್ಜಿ ಹಾಕಬೇಕೆಂದಿದ್ದೇವೆ. ಅಜ್ಜನ ಕುಟುಂಬ ದಾಖಲೆಯಾದ ಕೊಸೆಕಿ ಕೈಗೆ ಬಂದಿದೆ; ಜನನ, ವಿವಾಹ ಪ್ರಮಾಣಪತ್ರಗಳೂ ಸಿದ್ಧ. ಜಪಾನಿನಲ್ಲಿ ನೆಲೆಸಿದ ಒಬ್ಬರು ಜಾಮೀನು ಪತ್ರಕ್ಕೆ ಸಹಿ ಹಾಕಬೇಕು; ಅಲ್ಲಿಗೆ ಬಂದು ಎಲ್ಲವೂ ನಿಂತಿದೆ.

ಅವಳ ಚಿಕ್ಕಪ್ಪ ಜಪಾನಿನ ಹಮಾಮತ್ಸುವಿನಲ್ಲಿ ಕಾಯಂ ನಿವಾಸಿ, ಕಾರ್ಖಾನೆಯಲ್ಲಿ ನೌಕರಿ. ಹಿಂದೊಮ್ಮೆ ಸ್ನೇಹಿತನ ಸಾಲಕ್ಕೆ ಶ್ಯೂರಿಟಿ ನಿಂತು, ಅವನು ಕೈಕೊಟ್ಟಾಗ ಕಂತುಗಳನ್ನು ತಾವೇ ತೀರಿಸಿದವರು. ಇನ್ನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎನ್ನುತ್ತಾರೆ. ಹಣ ಕೊಟ್ಟರೆ ಜಾಮೀನುದಾರರನ್ನು ಹುಡುಕಿಕೊಡುತ್ತೇವೆ ಎನ್ನುವವರೂ ಸಿಕ್ಕಿದ್ದಾರೆ. ಅವರನ್ನು ನಂಬಬಹುದೇ? ಬೆಂಗಳೂರಿನ ಕಾನ್ಸುಲೇಟ್‌ಗೇ ನೇರವಾಗಿ ಹೋಗುವುದು ಒಳ್ಳೆಯದೇ?

ತುಂಗಾತೀರ, ನಗೋಯಾ

ಹಣಕ್ಕೆ ಸಿಗುವ ಜಾಮೀನುದಾರರ ಸಹವಾಸ ದಯವಿಟ್ಟು ಬೇಡ. ಅರ್ಜಿದಾರರಿಗೂ ಅವರಿಗೂ ಇರುವ ಸಂಬಂಧವನ್ನು ಪತ್ರದಲ್ಲೇ ಬರೆಯಬೇಕು. ಮುಖವನ್ನೇ ನೋಡದವರ ಹೆಸರು ಹಾಕಿ ಸುಳ್ಳು ಹೇಳಿದರೆ, ನಿಜವಾದ ಕೊಸೆಕಿಯ ಮೇಲೂ ಅನುಮಾನ ಬರುತ್ತದೆ.

ನಿಮ್ಮ ಮಾವನವರ ತಮ್ಮನ ಭಯ ನ್ಯಾಯವಾದದ್ದೇ. ಆದರೆ ಅವರು ಸುಟ್ಟುಕೊಂಡದ್ದು ಸಾಲದ ಜಾಮೀನಿನಲ್ಲಿ. ಇದು ಆ ಜಾತಿಯದಲ್ಲ. ಖಾಲಿ ನಮೂನೆಯನ್ನು ಅವರ ಕೈಗೇ ಕೊಡಿ. ಒಂದೇ ಹಾಳೆ. ಹೆಸರು, ವಿಳಾಸ, ಉದ್ಯೋಗ, ಸಂಬಂಧ. ಜೊತೆಗೆ ವಾಸದ ಖರ್ಚು, ಹಿಂದಿರುಗುವ ಪ್ರಯಾಣದ ಖರ್ಚು, ಕಾನೂನು ಪಾಲನೆ ಎಂಬ ಮೂರು ಭರವಸೆಗಳು. ಯೆನ್ ಮೊತ್ತ ಬರೆಯಲು ಜಾಗವೇ ಇಲ್ಲ. ಇದಕ್ಕೆ ಕಾನೂನಿನ ಬಲವಂತವಿಲ್ಲ, ನೈತಿಕ ಹೊಣೆ ಮಾತ್ರ ಎಂದು ವಲಸೆ ಇಲಾಖೆಯೇ ತನ್ನ ಪ್ರಶ್ನೋತ್ತರದಲ್ಲಿ ಬರೆದಿದೆ. ಆ ಪುಟವನ್ನು ಜಪಾನಿಯಲ್ಲೇ ಮುದ್ರಿಸಿ ಕಳುಹಿಸಿ. ನಿಮ್ಮ ಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ಒಂದು ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ಕೊಟ್ಟ ಮಾತು ನಡೆಸದಿದ್ದರೆ, ಮುಂದೆ ಬೇರೆಯವರಿಗೆ ಜಾಮೀನು ನಿಲ್ಲುವ ಅರ್ಹತೆ ಅವರಿಗೆ ತಪ್ಪಬಹುದು. ಅವರ ಸ್ವಂತ ಮಕ್ಕಳು ಬ್ರೆಜಿಲ್‌ನಲ್ಲಿದ್ದರೆ ಇದು ಸಣ್ಣ ಮಾತಲ್ಲ.

ಬಾಡಿಗೆ ಮನೆಯ ಜಾಮೀನನ್ನು ಇದರೊಂದಿಗೆ ಬೆರೆಸಬೇಡಿ. ಅದರಲ್ಲಿ ನಿಜವಾಗಿಯೂ ಹಣದ ಹೊಣೆ ಇರುತ್ತದೆ. 2020ರ ಏಪ್ರಿಲ್‌ನಿಂದ ಅಂಥ ಒಪ್ಪಂದದಲ್ಲಿ ವ್ಯಕ್ತಿಯ ಹೊಣೆಗೆ ಗರಿಷ್ಠ ಮೊತ್ತ ನಮೂದಿಸದಿದ್ದರೆ ಆ ಜಾಮೀನು ಊರ್ಜಿತವಾಗುವುದಿಲ್ಲ. ಮನೆಗೆ ಖಾತರಿ ಕಂಪನಿಯನ್ನು ಹಿಡಿಯುತ್ತೇವೆ, ನಿಮ್ಮ ಹೆಸರು ಬೇಡ ಎಂದು ಅವರಿಗೆ ಮೊದಲೇ ಹೇಳಿಬಿಡಿ.

ಕಾನ್ಸುಲೇಟ್‌ನ ಕೆಲಸ ಕೊನೆಯಲ್ಲಿ. ಮೊದಲು ಜಪಾನಿನ ವಲಸೆ ಬ್ಯೂರೊದಿಂದ ಅರ್ಹತಾ ಪ್ರಮಾಣಪತ್ರ ತರಿಸಿಕೊಳ್ಳಿ. ಜಪಾನಿನಲ್ಲಿ ವಾಸವಿರುವ ಬಂಧುಗಳು ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ನಗೋಯಾ ಬ್ಯೂರೊದ ಶಾಖಾ ಕಚೇರಿ ಹಮಾಮತ್ಸುವಿನಲ್ಲೇ ಇದೆ. ಪ್ರಮಾಣಪತ್ರ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು. ಹಾಗಾಗಿ ಬೆಂಗಳೂರಿನಲ್ಲಿ ನೌಕರಿ ಬಿಡುವ ದಿನವನ್ನು ನೋಡಿಕೊಂಡು ಅರ್ಜಿ ಹಾಕಿಸಿ.

ಹೊಂಗೆನೆರಳು, ಮೈಸೂರು

ಚಿಕ್ಕಪ್ಪ ಕಡೆಗೂ ಒಪ್ಪದಿದ್ದರೆ? ರಕ್ತಸಂಬಂಧಿಯೇ ಆಗಬೇಕೇ?

ತುಂಗಾತೀರ, ನಗೋಯಾ

ಬೇಕಿಲ್ಲ. ಜಪಾನಿನಲ್ಲಿ ನೆಲೆಸಿದ ಜಪಾನಿಯರು ಅಥವಾ ಕಾಯಂ ನಿವಾಸಿಗಳು, ನಿಮ್ಮನ್ನು ಬಲ್ಲವರಾದರೆ ಆಯಿತು. ಸ್ಥಿರ ಆದಾಯವಿದ್ದು ಸ್ಥಳೀಯ ತೆರಿಗೆ ಬಾಕಿ ಇಲ್ಲದಿರುವುದು ಮುಖ್ಯ. ಕೆಲಸ ಕೊಡುವ ಗುತ್ತಿಗೆ ಸಂಸ್ಥೆಗಳ ಮೂಲಕವೂ ಜಾಮೀನು ಸಿಗುತ್ತದೆ, ಆದರೆ ನಾನು ಅದನ್ನು ಕೊನೆಯ ದಾರಿ ಎನ್ನುತ್ತೇನೆ. ಕೆಲಸ, ಮನೆ, ಜಾಮೀನು ಮೂರೂ ಒಬ್ಬರ ಮುಷ್ಟಿಯಲ್ಲಿದ್ದರೆ ಕೆಲಸ ಬದಲಿಸುವ ಧೈರ್ಯ ಯಾರಿಗೆ ಬರುತ್ತದೆ?

ಕೆರೆಏರಿ, ಬೆಂಗಳೂರು

ತುಂಬಾ ಉಪಕಾರವಾಯಿತು. ಚಿಕ್ಕಪ್ಪ ಆ ಪುಟವನ್ನು ಓದಿ, ನಮೂನೆಯ ಹಿಂದೆ ಮುಂದೆ ತಿರುಗಿಸಿ ನೋಡಿ, ಮೊತ್ತ ಎಲ್ಲಿಯೂ ಇಲ್ಲವೆಂದು ಖಚಿತವಾದ ಮೇಲೆ ಒಪ್ಪಿದರು. ನಮ್ಮ ಉಳಿತಾಯ ಖಾತೆಯ ವಿವರವನ್ನೂ ಅರ್ಜಿಗೆ ಲಗತ್ತಿಸಬೇಕೆಂದರು, ಸಂತೋಷದಿಂದ ಕೊಟ್ಟೆವು. ಈಗ ಇನ್ನೊಂದು ತೊಡಕು. ಅಜ್ಜನ ಹೆಸರಿನ ಕಾಗುಣಿತ ಬ್ರೆಜಿಲ್‌ನ ವಿವಾಹ ಪತ್ರದಲ್ಲಿ ಒಂದು ಬಗೆ, ಮಾವನವರ ಜನನ ಪತ್ರದಲ್ಲಿ ಇನ್ನೊಂದು ಬಗೆ ಇದೆ.

ತುಂಗಾತೀರ, ನಗೋಯಾ

ಅಲ್ಲಿನ ನೋಂದಣಿ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳು ಬಹಳ. ಇಬ್ಬರೂ ಒಬ್ಬರೇ ಎಂದು ವಿವರಿಸುವ ಪತ್ರ ಬರೆದು, ಹುಟ್ಟಿದ ದಿನಾಂಕ ಮತ್ತು ತಂದೆತಾಯಿಯ ಹೆಸರುಗಳು ಕೊಸೆಕಿಯೊಂದಿಗೆ ತಾಳೆಯಾಗುವುದನ್ನು ಸಾಲುಸಾಲಾಗಿ ತೋರಿಸಿ. ಅಜ್ಜನ ಹಳೆಯ ಪಾಸ್‌ಪೋರ್ಟ್ ಮನೆಯಲ್ಲಿದ್ದರೆ ಅದರ ಪ್ರತಿಯನ್ನೂ ಸೇರಿಸಿ. ಪೋರ್ಚುಗೀಸ್ ದಾಖಲೆಗಳಿಗೆ ಜಪಾನಿ ಅನುವಾದ ಬೇಕೇ ಬೇಕು. ಬ್ರೆಜಿಲ್ ಫೆಡರಲ್ ಪೊಲೀಸರ ಅಪರಾಧ ದಾಖಲೆ ಪ್ರಮಾಣಪತ್ರಕ್ಕೂ ಈಗಲೇ ಅರ್ಜಿ ಹಾಕಿ.